ಖಾಸಾ, ಪಸಂದ, ಡೌಲು: ಕಿತ್ತೂರು ಸೀಮೆಯ ಸೊಗಸಿನ ಮಾತು

ಬೈಲಹೊಂಗಲದ ಬಜಾರದಲ್ಲಿ ಅರಿವಿ ಅಂಗಡಿಗಳ ಫಲಕ ಓದುತ್ತಾ ಹೋದರೆ ಎಲ್ಲವೂ ರಾಯಲ್, ಎಲ್ಲವೂ ಪ್ರೀಮಿಯಂ, ಎಲ್ಲವೂ ಗ್ರ್ಯಾಂಡ್. ಲಗ್ನದ ಹಂಗಾಮಿನಲ್ಲಿ ಕಟ್ಟುವ ಬ್ಯಾನರಿನಲ್ಲಿ ‘ಐಷಾರಾಮಿ ಸಂಗ್ರಹ’ ಎಂಬ ಸಾಲು ಇರಲೇಬೇಕು. ಸೀರೆಗೂ ಅದೇ ಮಾತು, ಸೋಫಾಕ್ಕೂ ಅದೇ, ಊರ ಹೊರಗೆ ಹಾಕಿದ ಹೊಸ ಲೇಔಟಿಗೂ ಅದೇ. ಮೆಟ್ಟಿಲು ಹತ್ತಿ ಒಳಗೆ ಹೋಗಿ, ಗಾದಿಯ ಅಂಚಿಗೆ ಕೂತು ಸೀರೆ ನೋಡುವ ಹೆಣ್ಣುಮಕ್ಕಳ ಬಾಯಲ್ಲಿ ಮಾತ್ರ ಇದರಲ್ಲಿ ಒಂದು ಶಬ್ದವೂ ಕೇಳುವುದಿಲ್ಲ. ಅಲ್ಲಿ ನಡೆಯುವ ಮಾತೇ ಬೇರೆ:

“ಆಯಿ, ಈ ಬಣ್ಣ ನೋಡ್ರಿ, ಈಗ ಭಾಳ ಚಾಲ್ತಿ ಐತಿ.”

“ಬಣ್ಣಾ ಪಸಂದ ಐತಿ ತಮ್ಮಾ. ಸೆರಗ ಬಿಚ್ಚ ಮೊದ್ಲ. ಕೊಂಡಿ ಹಾಕಿದ್ದೋ, ಸುಮ್ನ ಮಗ್ಗದಾಗ ಉದ್ದಕ ನೇದದ್ದೋ?”

“ಕೊಂಡೀದ ಐತ್ರಿ. ಕೈಯಾಡಿಸಿ ನೋಡ್ರಿ.”

“ಜಡ ಐತಿ. ಬಾಳಿಕಿ ಬರ್ತೈತಿ ಅನಸ್ತೈತಿ. ರೇಟ್ ಹೇಳು.”

ಈ ನಾಲ್ಕು ಮಾತಿನಲ್ಲಿ ಸೀರೆಯ ಪರೀಕ್ಷೆಯೇ ಮುಗಿದುಹೋಗಿದೆ. ಚಾಲ್ತಿ ಎಂದರೆ ಇವತ್ತಿನ ಫ್ಯಾಶನ್. ಪಸಂದ ಎಂದರೆ ಕಣ್ಣಿಗೆ ಒಪ್ಪಿದ್ದು. ಜಡ ಎಂದರೆ ತೂಕ. ಬಾಳಿಕಿ ಎಂದರೆ ಮಗಳ ಕಾಲಕ್ಕೂ ಉಳಿಯುವ ಗುಣ. ಇನ್ನು ಕೊಂಡಿ, ಅದು ನೇಕಾರನ ಕೈಗೆಲಸದ ಹೆಸರು. ಹೊರಗಿನ ಫಲಕದ ಮಾತನ್ನು ಪರೀಕ್ಷಿಸಲು ದಾರಿಯಿಲ್ಲ. ಒಳಗಿನ ಮಾತಿನಲ್ಲಿ ಒಂದೊಂದನ್ನೂ ಬೆರಳಿಟ್ಟು ನೋಡಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಡುವಿನ ಈ ಎರೆಭೂಮಿಯ ಸೀಮೆ ಚೆಲುವಾದ, ಬೆಲೆಬಾಳುವ ವಸ್ತುಗಳ ಬಗ್ಗೆ ಹೇಗೆ ಮಾತಾಡುತ್ತದೆ ಎಂದು ತಿಳಿಯಬೇಕಾದರೆ ಕೊಂಡಿಯಿಂದಲೇ ಸುರುಮಾಡುವುದು ಸರಿ.

ಇಳಕಲ್ ಸೀರೆಯ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಒಡಲು ಹತ್ತಿಯದೋ ರೇಶ್ಮೆಯದೋ ಆಗಿರಬಹುದು, ಸೆರಗು ಮಾತ್ರ ರೇಶ್ಮೆಯದು. ಇಲ್ಲವಾದರೆ ನೇಕಾರರು ‘ಚಮಕಾ’ ಎನ್ನುವ ಕೃತಕ ರೇಶ್ಮೆಯದು. ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಮಾಡಿ ಸಿಕ್ಕಿಸುವುದೇ ಕೊಂಡಿ ಹಾಕುವ ಕೆಲಸ. ಒಂದೊಂದು ಎಳೆಗೂ ಒಂದೊಂದು ಕೊಂಡಿ. ಹೀಗೆ ಮಾಡಬೇಕಾದರೆ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಕಟ್ಟಬೇಕು. ಒಂದೇ ಉದ್ದ ಹಾಸು ಹೂಡಿ ಹತ್ತು ಸೀರೆ ನೇಯ್ದು ಕತ್ತರಿಸಲು ಬರುವುದಿಲ್ಲ. ಮನೆಯ ಹೆಣ್ಣುಮಕ್ಕಳು ಗಂಟೆಗಟ್ಟಲೆ ಕೂತು ಮಾಡುವ ಈ ಕೆಲಸದ ಮೂಲದಲ್ಲಿ ಇರುವುದು ಉಳಿತಾಯದ ಲೆಕ್ಕ. ದುಬಾರಿ ರೇಶ್ಮೆಯನ್ನು ಎಲ್ಲರಿಗೂ ಕಾಣುವ ಸೆರಗಿಗೆ ಮಾತ್ರ ಇಟ್ಟು, ನೆರಿಗೆಯೊಳಗೆ ಅಡಗುವ ಒಡಲಿಗೆ ನಮ್ಮದೇ ಹೊಲದ ಹತ್ತಿ ಬಳಸುವ ಜಾಣತನ ಅದು. ಜಿಪುಣತನ ಎಂದರೂ ತಪ್ಪಿಲ್ಲ. ಅದೇ ಇವತ್ತು ಆ ಸೀರೆಯ ಶ್ರೀಮಂತಿಕೆಯ ಗುರುತಾಗಿ ನಿಂತಿದೆ. ಪವರ್‌ಲೂಮಿನ ಅಗ್ಗದ ನಕಲಿಯಲ್ಲಿ ಸಾಮಾನ್ಯವಾಗಿ ಈ ಜೋಡಣೆ ಇರುವುದಿಲ್ಲ. ಸೆರಗು ಸುರುವಾಗುವಲ್ಲಿ ಬೆರಳಾಡಿಸಿದರೆ ಕೊಂಡಿಯ ಸಾಲು ತಾಗಬೇಕು. ಅಂಗಡಿಯ ಆಯಿ ಮಾಡಿದ್ದು ಅದನ್ನೇ.

ಸೆರಗಿನ ಹೆಸರು ಟೋಪ ತೆನಿ. ಕೆಂಪು ಪಟ್ಟಿಗಳ ನಡುವೆ ಬಿಳಿ ಪಟ್ಟಿಗಳು, ಅವುಗಳ ಅಂಚಿಗೆ ಚೂಪಾಗಿ ಏಳುವ ವಿನ್ಯಾಸಗಳು. ತೆನಿ ಎಂದರೆ ಜೋಳದ ತೆನೆ. ಅದೇ ಸೆರಗಿನ ಇನ್ನೊಂದು ಸಾಲಿಗೆ ಹಣಿಗೆ ಎನ್ನುತ್ತಾರೆ, ಮತ್ತೊಂದಕ್ಕೆ ಕೋಟೆಯ ತೆನೆಗಳ ಹೆಸರಿದೆ. ಹೊಲದ ಜೋಳ, ತಲೆ ಬಾಚುವ ಹಣಿಗೆ, ಊರ ಕೋಟೆ, ಇಷ್ಟೇ ಸಾಮಾನಿನಿಂದ ಈ ಭಾಗದ ಅತ್ಯಂತ ಗೌರವದ ಸೆರಗು ತಯಾರಾಗಿದೆ. ಅಂಚುಗಳಿಗೂ ಹೆಸರುಗಳಿವೆ: ಚಿಕ್ಕಿಪರಾಸ, ಗೋಮಿ, ಗಾಡಿ, ಜರಿ. ‘ಗೋಮಿ ದಡಿ ಕೊಡ್ರಿ’ ಎಂದರೆ ಹಳೆಯ ಅಂಗಡಿಯವ ಎರಡನೇ ಮಾತಿಲ್ಲದೆ ಸರಿಯಾದ ಕಟ್ಟನ್ನೇ ಎಳೆಯುತ್ತಾನೆ. ಒಡವೆಗಳ ಮಾತೂ ಹೀಗೆಯೇ. ಬೋರೆಹಣ್ಣಿನಂಥ ಗುಂಡಿನ ಸರ ಬೋರಮಾಳ, ಕೈಗೆ ಪಾಟಲಿ, ಬಿಲವಾರ, ತೋಡೆ, ನಡುವಿಗೆ ಡಾಬು. ‘ಡಿಸೈನರ್ ಜ್ಯುವೆಲರಿ’ ಅಂದರೆ ಕಣ್ಣ ಮುಂದೆ ಏನೂ ಬರುವುದಿಲ್ಲ, ಬೋರಮಾಳ ಅಂದರೆ ಸರವೇ ಬಂದು ನಿಲ್ಲುತ್ತದೆ.

ಮೆಚ್ಚುಗೆಯ ಮಾತುಗಳಿಗೆ ಬರೋಣ. ಪಸಂದ, ಖಾಸಾ, ನಾಜೂಕು, ಬೇಷ್, ನಮೂನಿ, ಜರತಾರಿ: ಇವೆಲ್ಲ ಪಾರ್ಸಿ-ಅರಬ್ಬಿ ಮೂಲದವು, ಬಹಳಷ್ಟು ಮರಾಠಿಯ ಕೈದಾಟಿ ಬಂದವು. ಜರಿ ಎಂಬುದರಲ್ಲಿರುವ ‘ಜರ್’ ಪಾರ್ಸಿಯಲ್ಲಿ ಬಂಗಾರ. ಇವು ನಮ್ಮ ಒಕ್ಕಲಿಗರ ಅಡುಗೆಮನೆಯವರೆಗೂ ಹೇಗೆ ಬಂದವು ಎಂದರೆ ಈ ಸೀಮೆಯ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಕಿತ್ತೂರು ದೇಸಗತಿ 1585ರ ಸುಮಾರಿಗೆ, ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ತಲೆ ಎತ್ತಿದ್ದು. ಆಮೇಲೆ ಸವಣೂರು ನವಾಬರು, ಹೈದರ್-ಟಿಪ್ಪು, ಪೇಶ್ವೆಗಳು. ಒಬ್ಬರಾದ ಮೇಲೊಬ್ಬರಿಗೆ ಕಾಣಿಕೆ ಕೊಡುತ್ತ, ಜಗಳಾಡುತ್ತ, ಕಿತ್ತೂರಿನವರು ದರಬಾರಿನ ಭಾಷೆ ಕಲಿತರು. ದೇಸಾಯಿ ಮಲ್ಲಸರ್ಜನನ್ನು ಎರಡನೆಯ ಬಾಜೀರಾಯ ಪುಣೆಯಲ್ಲಿ ಸೆರೆಯಿಟ್ಟಿದ್ದ. ಬಿಡುಗಡೆಯಾಗಿ ಬಂದ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ರಾಮದುರ್ಗದಲ್ಲಿ ಭಾವೆ ಮನೆತನದ ಸಂಸ್ಥಾನ 1948ರವರೆಗೂ ನಡೆಯಿತು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ, ಪೇಟೆ, ನಾಟಕ ಎಲ್ಲ ಕಡೆ ಮರಾಠಿ ಬೆರೆತ ಮಾತು. ಗಾದಿ-ತಕ್ಕೆ, ಜಮಖಾನೆ, ಝುಂಬರ, ಖಾಸಗಿ ಕೋಣೆ, ಅತ್ತರು: ವಾಡೆಯ ಒಳಗಿನ ಸಾಮಾನಿನ ಜೊತೆ ಅದರ ಹೆಸರೂ ಬಂತು, ಹೆಸರಿನ ಜೊತೆ ಹೊಗಳಿಕೆಯೂ ಬಂತು.

ಆ ಸಿರಿ ಎಷ್ಟಿತ್ತು ಎಂಬುದಕ್ಕೆ ಜನರ ನೆನಪಿನಲ್ಲಿ ಇರುವ ಘಟನೆ 1824ರದು. ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಇಟ್ಟ. ನಗ-ನಾಣ್ಯ ಸೇರಿ 15 ಲಕ್ಷ ರೂಪಾಯಿ ಬಾಳುತ್ತಿತ್ತು ಎಂದು ಹೇಳುವುದು ರೂಢಿ. ಅಕ್ಟೋಬರ್ 23ರಂದು ಆತ ಕೋಟೆ ಬಾಗಿಲಲ್ಲೇ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಹೋದಳು, 1829ರಲ್ಲಿ ಅಲ್ಲೇ ತೀರಿಕೊಂಡಳು. ಇವತ್ತು ಕಿತ್ತೂರು ಕೋಟೆಯೊಳಗೆ ಅರಮನೆಯ ಪಾಯ, ಮೊಂಡು ಗೋಡೆ, ಸ್ನಾನದ ಕೋಣೆಗಳ ಗುರುತು ಉಳಿದಿವೆ. ಸಾಗವಾನಿ ಕಂಬ, ಝುಂಬರ ಯಾವುದೂ ಇಲ್ಲ. ರಾಣಿ ಹೇಗೆ ಉಡುತ್ತಿದ್ದಳು ಎಂದು ಕೇಳಿದರೆ ಎಲ್ಲರ ಕಣ್ಣಿಗೂ ಕಟ್ಟುವುದು 1961ರ ಸಿನಿಮಾದ ಬಿ. ಸರೋಜಾದೇವಿ. ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ಮಕ್ಕಳಿಗೆ ಬಾಡಿಗೆಗೆ ಸಿಗುವ ಚೆನ್ನಮ್ಮನ ವೇಷದಲ್ಲೂ ಆ ಸಿನಿಮಾದ ನೆರಳೇ ಜಾಸ್ತಿ ಎಂದು ನನ್ನ ಅನಿಸಿಕೆ.

ವಾಡೆ ಬಿದ್ದ ಮೇಲೆ ಉಳಿದ ಮಾತುಗಳು ಏನಾದವು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ವಸ್ತುವಿಗೆ ಅಂಟಿಕೊಂಡ ಶಬ್ದಗಳು ಹೊಗಳಿಕೆಯಾಗಿಯೇ ಉಳಿದವು. ಖಾಸಾ ಅಕ್ಕಿ, ನಾಜೂಕು ಕೆಲಸ, ಪಸಂದ ಬಣ್ಣ. ಮನುಷ್ಯನಿಗೆ ಅಂಟಿಕೊಂಡವು ಮಾತ್ರ ಬಯ್ಗುಳದ ಕಡೆ ವಾಲಿದವು. ದೌಲತ್ತು ಎಂದರೆ ಮೂಲದಲ್ಲಿ ಸಂಪತ್ತು, ರಾಜ್ಯ. ಇಲ್ಲಿ ‘ಏನ್ ದೌಲತ್ತ ನಡಿಸ್ಯಾನಲೇ’ ಎಂದರೆ ಮೆಚ್ಚುಗೆ ಅಂತ ಯಾರೂ ತಿಳಿಯುವುದಿಲ್ಲ. ಡೌಲು, ಜರ್ಬು, ರುಬಾಬು, ಶೋಕಿ, ದಿಮಾಕು ಎಲ್ಲದರ ಕಥೆಯೂ ಅಷ್ಟೇ. ಶೋಕಿ ಎಂಬುದು ಅರಬ್ಬಿಯ ‘ಶೌಕ್’, ಅಂದರೆ ಆಸೆ, ಅಭಿರುಚಿ. ಬೈಲಹೊಂಗಲದ ಓಣಿಯಲ್ಲಿ ಅದು ಅಪ್ಪನ ಹೊಲ ಮಾರಿ ಬೈಕು ತಂದವನಿಗೆ ಇಡುವ ಹೆಸರು. ಇಸ್ತ್ರಿ ಅಂಗಿ ಹಾಕಿಕೊಂಡು ಕೆಲಸಕ್ಕೆ ಬಾರದವನನ್ನು ಕಂಡರೆ ‘ಬಂದಾ ನೋಡ ದೊಡ್ಡ ದೇಸಾಯಿ’ ಎನ್ನುತ್ತಾರೆ. ದೇಸಗತಿ ಹೋಯಿತು, ಅದರ ಹೆಸರು ಕುಚೋದ್ಯಕ್ಕೆ ಉಳಿಯಿತು. ನಮೂನಿ ಎಂಬ ಶಬ್ದ ಎರಡೂ ಕಡೆ ಕಾಲಿಟ್ಟು ನಿಂತಿದೆ: ‘ಹೊಸಾ ನಮೂನಿ ಸೀರಿ’ ಎಂದರೆ ಹೊಸ ವಿನ್ಯಾಸ, ‘ಆಂವಾ ಒಂದ್ ನಮೂನಿ ಅದಾನ’ ಎಂದರೆ ಸ್ವಲ್ಪ ದೂರ ಇರು ಎಂದರ್ಥ.

ಇದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಹೊಲದಲ್ಲಿ ದುಡಿದು, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ ಎಂದು ಬದುಕುವ ಸೀಮೆ ಇದು. ಇಲ್ಲಿ ಚಂದದ ವಸ್ತುವಿನ ಮೇಲೆ ಜನರಿಗೆ ಸಿಟ್ಟಿಲ್ಲ, ಅದನ್ನು ತೋರಿಸಿ ಮೆರೆಯುವವನ ಮೇಲೆ ಸಂಶಯ ಇದೆ. ಆ ಸಂಶಯ ಎಷ್ಟು ಆಳದ್ದು ಎಂದು ತಿಳಿಯಲು ಬೈಲಹೊಂಗಲದ್ದೇ ಕಥೆಯಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಬೇಕು. ಸಾವಕಾರ ಸಂಗ್ಯಾ ಜಾತ್ರೆಯಲ್ಲಿ ಈರ್ಯಾನ ಹೆಂಡತಿ ಗಂಗಾಳನ್ನು ಕಂಡು ಮರುಳಾಗುತ್ತಾನೆ. ಗೆಳೆಯ ಬಾಳ್ಯಾ, ನಡುವೆ ಓಡಾಡುವ ಮುದುಕಿ ಪಾರಮ್ಮ, ಕೊನೆಗೆ ಕೊಲೆ. ಹಳ್ಳಿಯ ಮೇಳಗಳಲ್ಲಿ ಸಂಗ್ಯಾನ ಪಾತ್ರಧಾರಿ ರಂಗಕ್ಕೆ ಬರುವಾಗಲೇ ಅವನ ಪಟಕಾ, ಧೋತರದ ಅಂಚು, ಬೆರಳುಂಗುರ, ನಡೆಯುವ ಠೀವಿ ನೋಡಿ ಮಂದಿ ಸಿಳ್ಳೆ ಹೊಡೆಯುತ್ತಾರೆ. ಅದೇ ಮಂದಿಗೆ ಆ ಠೀವಿಯಿಂದಲೇ ಮನೆ ಹಾಳಾಗುವುದೂ ಗೊತ್ತು. ಮೆಚ್ಚುಗೆ ಮತ್ತು ಎಚ್ಚರಿಕೆ ಎರಡೂ ಒಂದೇ ರಾತ್ರಿಯ ಆಟದಲ್ಲಿ ನಡೆಯುತ್ತವೆ.

ಕನ್ನಡದ್ದೇ ಹಳೆಯ ಶಬ್ದಗಳಿಲ್ಲವೇ ಎಂದು ಕೇಳಬಹುದು. ಸೊಗಸು, ಬೆಡಗು, ಒನಪು, ಬಿನ್ನಾಣ ಎಲ್ಲ ಇವೆ, ಆದರೆ ಅವು ಹೆಚ್ಚಾಗಿ ಪುಸ್ತಕದಲ್ಲಿ, ಹಾಡಿನಲ್ಲಿ, ಹೆಣ್ಣಿನ ವರ್ಣನೆಯಲ್ಲಿ ಸಿಕ್ಕಿಬಿದ್ದಿವೆ. ಬಿನ್ನಾಣ ‘ವಿಜ್ಞಾನ’ದ ತದ್ಭವ, ಮೊದಲು ಅದಕ್ಕೆ ಕೌಶಲ ಎಂಬ ಅರ್ಥವಿತ್ತು; ಈಗ ಬಿನ್ನಾಣಗಿತ್ತಿ ಎಂದರೆ ಬಯ್ದಂತೆ. ದಿನದ ಮಾತಿನಲ್ಲಿ ಇನ್ನೂ ಜೀವಂತ ಇರುವ ಕನ್ನಡದ ಶಬ್ದ ‘ಒಪ್ಪು’. ‘ನಿನಗ ಒಪ್ಪೈತಿ’ ಎಂಬುದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಕಡೆ ಇಲ್ಲ. ಸೀರೆ ಎಷ್ಟೇ ದುಬಾರಿಯಾಗಿರಲಿ, ಉಟ್ಟವಳಿಗೆ ಒಪ್ಪದಿದ್ದರೆ ಮುಗಿಯಿತು.

ಸವದತ್ತಿಗೆ ಹೋದರೆ ಸೀರೆಯಲ್ಲಿ ಕಂಡ ಕಸುಬುಗಾರಿಕೆ ಕಲ್ಲಿನಲ್ಲೂ ಕಾಣುತ್ತದೆ. ರಟ್ಟರ ರಾಜಧಾನಿಯಾಗಿದ್ದ ಈ ಊರಿಗೆ ಶಾಸನಗಳಲ್ಲಿ ಸುಗಂಧವರ್ತಿ ಎಂಬ ಘಮಘಮಿಸುವ ಹೆಸರು. ಈಗ ಊರ ನಡುವೆ ಇರುವ ಕೋಟೆ 18ನೇ ಶತಮಾನದ್ದು, ಶಿರಸಂಗಿಯ ಜಾಯಪ್ಪ ದೇಸಾಯಿ ಕಟ್ಟಿಸಿದ್ದು. ಒಳಗಿನ ಕಾಡಸಿದ್ಧೇಶ್ವರ ಗುಡಿಯ ಸುತ್ತಲಿನ ಪಡಸಾಲೆಯಲ್ಲಿ ಕಮಾನಿನ ಮೂಲೆಗಳಿಗೆ ಕೊರೆದ ನೂರಕ್ಕೂ ಮಿಕ್ಕಿದ ವಿನ್ಯಾಸಗಳಿವೆ. ಓರೆಗೆರೆ, ಚೌಕ, ಹೂವು, ಎಲ್ಲ ಲೆಕ್ಕ ಹಾಕಿದಂತೆ. ಕಸೂತಿ ಗೊತ್ತಿದ್ದವರು ಅವುಗಳ ಮುಂದೆ ನಿಂತರೆ ಸುಮ್ಮನೆ ಮುಂದೆ ಹೋಗುವುದು ಕಷ್ಟ.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗ ತುಂಬುತ್ತಾರೆ, ಹೀಗಾಗಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರ. ಮುರ್ಗಿ ಅದರದೇ ಮೆಟ್ಟಿಲು ಮೆಟ್ಟಿಲಾದ ನಡಿಗೆ. ನೇಗಿ ನೇಯ್ದಂತೆ ಕಾಣುತ್ತದೆ, ಮೆಂತೆಯಲ್ಲಿ ಅಡ್ಡ-ಅಡ್ಡ ಕಾಳಿನಂಥ ಹೊಲಿಗೆ. ಆನೆ ಅಂಬಾರಿ, ತೇರು, ಗೋಪುರ, ತುಳಸಿಕಟ್ಟೆ, ತೊಟ್ಟಿಲು, ನವಿಲು ಸೆರಗಿನ ಹತ್ತಿರ ದೊಡ್ಡದಾಗಿ ಸುರುವಾಗಿ ಒಡಲಿಗೆ ಬರುತ್ತ ಸಣ್ಣದಾಗುತ್ತವೆ. ಮದುವೆಗೆ ಚಂದ್ರಕಾಳಿ ಎಂಬ ಕರಿಯ ಸೀರೆಯ ಮೇಲೆ ಇದನ್ನು ತೆಗೆಯುವುದು ಹಳೆಯ ವಾಡಿಕೆ. ಸೀರೆ ನೋಡಲು ಬಂದ ಬೀಗಿತ್ತಿ ಸೆರಗನ್ನು ಮಗುಚಿ ಹಿಂಬದಿ ನೋಡುತ್ತಿದ್ದಳಂತೆ. ನೋಡದೆ ಏನು, ಹಿಂಬದಿ ಸುಳ್ಳು ಹೇಳುವುದಿಲ್ಲವಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸೇರುವ ಜನಕ್ಕೆ ಸೊಗಸು ಎಂದರೆ ಕೈತುಂಬ ಹಸಿರು ಬಳೆ, ಹಣೆತುಂಬ ಭಂಡಾರ, ದೇವಿಯ ಉಡಿಗೆ ಒಂದು ಖಣ. ಗುಳೇದಗುಡ್ಡದ ಖಣವನ್ನು ಮೂರುಮೂಲೆಯಾಗಿ ಮಡಿಸಿ ಇಡುವ ರೀತಿಯೇ ಒಂದು ಶಿಸ್ತು. ಅದರ ಹೂಗಳಿಗೂ ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ, ತೇರು ಎಂಬ ಹೆಸರುಗಳು. ದೇವಿಗೆ ಪಟ್ಟೇದ ಅಂಚಿನ ಸೀರೆಯನ್ನೂ ಏರಿಸುತ್ತಾರೆ. ಒಡಲೆಲ್ಲ ಚೌಕುಳಿ, ಅಂಚಿಗೆ ಅಗಲ ಪಟ್ಟಿ, ದಪ್ಪ ಹತ್ತಿಯ ಗಟ್ಟಿ ಸೀರೆ. ಎರಡೂ ಮಗ್ಗುಲು ಉಡಲು ಬರುತ್ತದೆ. ಹೊಲಕ್ಕೂ ಅದೇ, ದೇವರಿಗೂ ಅದೇ. ಐಷಾರಾಮದ ನಿಘಂಟಿನಲ್ಲಿ ಈ ಸೀರೆಗೆ ಜಾಗ ಸಿಗಲಿಕ್ಕಿಲ್ಲ, ಬಾಳಿಕಿಯ ಲೆಕ್ಕದಲ್ಲಿ ಇದಕ್ಕೆ ಮೇಲಿನ ಪಂಕ್ತಿ.

ರಾಮದುರ್ಗ, ಸುರೇಬಾನ, ಮನಿಹಾಳದ ಕಡೆ ಮಗ್ಗದ ಸಪ್ಪಳ ಈಗ ಕಮ್ಮಿಯಾಗಿದೆ. ಕೈಮಗ್ಗ ಬಿಟ್ಟು ಪವರ್‌ಲೂಮಿಗೆ ಹೋದವರು ಬಹಳ ಮಂದಿ, ಅದನ್ನೂ ಬಿಟ್ಟು ಊರು ಬಿಟ್ಟವರೂ ಇದ್ದಾರೆ. ಮಗ್ಗ ನಿಂತ ಮನೆಯಲ್ಲಿ ಶಬ್ದಗಳೂ ನಿಲ್ಲುತ್ತವೆ. ಲಾಳಿ, ಅಣಿ, ಹಾಸು, ಹೊಕ್ಕು ಎಂಬ ಮಾತುಗಳು ಮಕ್ಕಳ ಕಿವಿಗೆ ಬೀಳುವುದು ನಿಂತರೆ ಸೀರೆಯನ್ನು ಹೊಗಳಲು ಅವರಿಗೆ ‘ಸೂಪರ್’ ಒಂದೇ ಗತಿ. ಅವರನ್ನು ದೂರಿ ಪ್ರಯೋಜನವಿಲ್ಲ.

ಶಬ್ದಗಳಿಗೆ ಏನು ಬೆಲೆ ಎನ್ನುವವರು 2025ರ ಜೂನ್ ತಿಂಗಳ ಸುದ್ದಿ ನೆನಪು ಮಾಡಿಕೊಳ್ಳಲಿ. ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಥೇಟ್ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಮೆಟ್ಟುಗಳನ್ನು ತೋರಿಸಿತು; ಕರೆದದ್ದು ಬರೀ ‘ಚರ್ಮದ ಸ್ಯಾಂಡಲ್’ ಎಂದು. ಹೆಸರಿಲ್ಲ, ಊರಿಲ್ಲ. ಗದ್ದಲವಾದ ಮೇಲೆ ಭಾರತದ ಕಸುಬಿನಿಂದ ಪ್ರೇರಣೆ ಪಡೆದದ್ದು ಎಂದು ಕಂಪನಿ ಒಪ್ಪಿಕೊಂಡಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗಷ್ಟೇ ಅಲ್ಲ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. ಕಾಪಸಿ, ಪಾಯತಾಣ, ಬಕ್ಕಲನಾಳಿ, ಪುಕರಿ ಎಂದು ಒಂದೊಂದು ಬಗೆಗೂ ಕಸುಬುದಾರರು ಇಟ್ಟ ಹೆಸರುಗಳಿವೆ. ಹೆಸರು ಹೇಳಿ ಕೇಳುವ ಗಿರಾಕಿ ಇದ್ದಲ್ಲಿ ಬರೀ ‘ಸ್ಯಾಂಡಲ್’ ಎಂದು ಮಾರುವುದು ಕಷ್ಟ. ಜಗತ್ತಿನ ಲಕ್ಷುರಿ ವ್ಯಾಪಾರ ಬದುಕಿರುವುದೇ ಹೆಸರಿನ ಮೇಲೆ. ನಮ್ಮ ಹೆಸರುಗಳನ್ನು ನಾವೇ ‘ಎಥ್ನಿಕ್ ಕಲೆಕ್ಷನ್’ ಎಂಬ ಚೀಲಕ್ಕೆ ತುಂಬಿದರೆ ಬೇರೆಯವರಿಗೆ ಕೆಲಸ ಹಗುರ.

ದೊಡ್ಡಸ್ತಿಕೆ ಎಂಬ ಇನ್ನೊಂದು ಶಬ್ದ ಉಳಿದಿದೆ. ಸವದತ್ತಿ ತಾಲೂಕಿನ ಶಿರಸಂಗಿಯಲ್ಲಿ ದೇಸಾಯರ ವಾಡೆ ಈಗಲೂ ಇದೆ. ಅದರ ಒಡೆಯ ಲಿಂಗರಾಜ ದೇಸಾಯಿ 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧ್ಯಕ್ಷ. 1906ರಲ್ಲಿ ತೀರಿಕೊಳ್ಳುವ ಮುಂಚೆ ಇಡೀ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟ. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ಬಹಳ ಜನ; ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವನದೇ ಹೆಸರು. ಇಷ್ಟು ದೊಡ್ಡ ವಾಡೆಯಲ್ಲಿದ್ದವನ ಬಗ್ಗೆ ಡೌಲು, ದೌಲತ್ತು ಎಂಬ ಮಾತನ್ನು ಜನ ಆಡುವುದಿಲ್ಲ. ತ್ಯಾಗವೀರ ಎನ್ನುತ್ತಾರೆ.

ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಲಗ್ನ ಇದ್ದರೆ, ಇಳಕಲ್ ಸೀರೆ ತೆಗೆಯಲು ಬೈಲಹೊಂಗಲಕ್ಕೋ ರಾಮದುರ್ಗಕ್ಕೋ ಹೋದರೆ, ‘ಒಂದು ಗ್ರ್ಯಾಂಡ್ ಸೀರೆ ತೋರಿಸಿ’ ಎನ್ನಬೇಡಿ. ಅಂಚು ಗೋಮಿಯೋ ಗಾಡಿಯೋ, ಸೆರಗಿಗೆ ಕೊಂಡಿ ಹಾಕಿದ್ದೋ, ಹಾಕಿದ್ದು ರೇಶ್ಮೆಯೋ ಚಮಕಾವೋ ಎಂದು ಕೇಳಿ. ಮನೆಯ ಹಿರಿಯ ಹೆಣ್ಣುಮಕ್ಕಳೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಗೊತ್ತಿರುವವರು ಆ ಬಜಾರದಲ್ಲಿ ಇನ್ನೂ ಇದ್ದಾರೆ.